ರೈಟರ ಕಾರ್ಡುಗಳು

ಗೋಣಿಬೀಡಿನ ರೈಟರು ತೀರಿಕೊಂಡರೆಂದು ಮೊನ್ನೆ ಸಂತೆಯಲ್ಲಿ ಸಿಕ್ಕಿದ ಊರಿನವರೊಬ್ಬರು ಹೇಳಿದರು. "ವಯಸ್ಸಾಗಿತ್ತು ಬಿಡಿ. ಒಳ್ಳೆ ಮನುಷ್ಯ" ಎಂದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಳ್ಳೆ ಮನುಷ್ಯ ಎನ್ನುವುದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ನನಗೆ ಹದಿನಾರು ತುಂಬಿದ ವರ್ಷ, ಇಡೀ ಒಂದು ವರ್ಷ, ಆ ಒಳ್ಳೆ ಮನುಷ್ಯ ನನ್ನ ತಲೆ ತಿಂದಿದ್ದಾರೆ. ಆ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ. ಅವರು ಹೋದರೆಂಬ ಒಂದೇ ಕಾರಣಕ್ಕೆ ಇಳಿಸಿಕೊಳ್ಳಬೇಕೆಂದೂ ಅನಿಸಲಿಲ್ಲ.

ಮನೆಗೆ ಬಂದವನೇ ಅಟ್ಟದ ಮೇಲಿನ ಟ್ರಂಕು ಇಳಿಸಿ, ಬಾಳೆನಾರಿನಲ್ಲಿ ಕಟ್ಟಿಟ್ಟಿದ್ದ ಪೋಸ್ಟ್ ಕಾರ್ಡುಗಳ ಕಟ್ಟನ್ನು ಹೊರಗೆ ತೆಗೆದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅದನ್ನ ಇಟ್ಕೋತೀರೋ, ಒಲೆಗೆ ಹಾಕ್ಲೋ? ಪ್ರತಿ ಸಲ ತೆಗೀತೀರಿ, ಓದಿ ಬೈತೀರಿ, ಮತ್ತೆ ಅಲ್ಲೇ ಇಡ್ತೀರಿ" ಎಂದಳು.

"ಇವತ್ತು ಬೈದು ಮುಗಿಸ್ತೀನಿ" ಎಂದೆ.

ಅವೆಲ್ಲ ಒಬ್ಬ ಶಾಲಾ ಕ್ರಿಕೆಟ್ ಕ್ಯಾಪ್ಟನ್‌ಗೆ ಬರೆದ ಬುದ್ಧಿವಾದದ ಕಾರ್ಡುಗಳು. ಕ್ಯಾಪ್ಟನ್ ನಾನು. ಬರೆದವರು ರೈಟರು. ಕಾಲ, ಬಿಳಿ ದೊರೆಗಳು ನಮ್ಮ ಕಡೆಯ ತೋಟಗಳಲ್ಲಿ ಇನ್ನೂ ಕುದುರೆ ಮೇಲೆ ಓಡಾಡುತ್ತಿದ್ದ ಕಾಲ. ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ನಮ್ಮದು ಗೋಣಿಬೀಡಿನ ಹತ್ತಿರ ಸಣ್ಣ ಕಾಫಿ ತೋಟ. ನಮ್ಮ ಬೇಲಿಯಾಚೆ ದೊರೆಯೊಬ್ಬನ ದೊಡ್ಡ ಎಸ್ಟೇಟು. ಅಲ್ಲಿಯ ರೈಟರು ಇವರು. ಬೆಳಗ್ಗೆ ಆಳುಗಳ ಹಾಜರಿ ಕರೆಯುವುದು, ಯಾರು ಯಾವ ಕೆಲಸಕ್ಕೆ ಹೋಗಬೇಕೆಂದು ಹಂಚುವುದು, ಸಂಜೆ ದೊರೆಯ ಮುಂದೆ ನಿಂತು ವರದಿ ಒಪ್ಪಿಸುವುದು ಅವರ ಕೆಲಸ. ಭಾನುವಾರ ಮಾತ್ರ ಅವರು ಬೇರೆಯೇ ಮನುಷ್ಯ. ಸುತ್ತಮುತ್ತಲ ದೊರೆಗಳೆಲ್ಲ ಸೇರಿ ಆಡುತ್ತಿದ್ದ ಕ್ರಿಕೆಟ್ಟಿಗೆ ಸ್ಕೋರು ಬರೆಯುತ್ತಿದ್ದವರು ಅವರೇ. ಮೈದಾನದ ಅಂಚಿನಲ್ಲಿ ಒಂದು ಮೇಜು, ಒಂದು ಮುರುಕು ಕುರ್ಚಿ, ಎರಡು ಪೆನ್ಸಿಲು. ಇಪ್ಪತ್ತು ವರ್ಷ ಅಲ್ಲಿ ಕೂತು ಒಂದೊಂದು ಬಾಲನ್ನೂ ಬರೆದಿಟ್ಟರು. ಬ್ಯಾಟನ್ನು ಒಂದು ದಿನವೂ ಹಿಡಿದವರಲ್ಲ. ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ. ಕ್ರಿಕೆಟ್ಟೆಂದರೆ ಅವರ ಪಾಲಿಗೆ ನೋಡಿ ಬರೆಯುವ ಆಟವಾಗಿತ್ತು.

ಉದ್ದಕ್ಕೆ, ಸಣ್ಣಕ್ಕೆ ಇದ್ದರು. ಖಾಕಿ ಕೋಟಿನ ಹಿಂದಿನ ಕಾಲರಿಗೆ ಛತ್ರಿಯ ಕೊಕ್ಕೆ ಸಿಕ್ಕಿಸಿ, ಅದನ್ನು ಬೆನ್ನ ಮೇಲೆ ನೇತುಹಾಕಿಕೊಂಡೇ ನಡೆಯುತ್ತಿದ್ದರು. ಮಾತಾಡುವಾಗ ಅವರ ಕಣ್ಣು ಎದುರಿನವರ ಮುಖದ ಮೇಲೆ ಇರುತ್ತಿರಲಿಲ್ಲ, ಪಾದದ ಮೇಲಿರುತ್ತಿತ್ತು. ಬೌಲರನ ಕಾಲು ಗೆರೆ ದಾಟಿತೇ ಎಂದು ಅಷ್ಟು ವರ್ಷ ನೋಡಿದ್ದರ ಫಲ ಅದು. ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಧಾರೆ ಮುಗಿದ ಮೇಲೆ ಮದುಮಗನ ಹತ್ತಿರ ಹೋಗಿ, "ನಿನ್ನ ಎಡಗಾಲು ಹೊರಕ್ಕೆ ತಿರುಗ್ತದೆ ಮಾರಾಯ, ಹೆಜ್ಜೆ ಇಡೋವಾಗ ನೋಡ್ಕೋ" ಎಂದಿದ್ದರು. ನಮ್ಮ ಚಿಕ್ಕಮ್ಮ ಅದನ್ನು ಸಾಯುವವರೆಗೆ ಮರೆಯಲಿಲ್ಲ.

ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ನನ್ನನ್ನು ಹೈಸ್ಕೂಲು ಟೀಮಿಗೆ ಕ್ಯಾಪ್ಟನ್ ಮಾಡಿದ ಸುದ್ದಿಯನ್ನು ಅಪ್ಪಯ್ಯ ಗೋಣಿಬೀಡಿನ ಅಂಗಡಿಯಲ್ಲಿ ಜಂಬದಿಂದ ಹೇಳಿಕೊಂಡಿದ್ದಾರೆ. ಅಲ್ಲಿ ರೈಟರೂ ಇದ್ದರು. ನಾಲ್ಕನೆಯ ದಿನಕ್ಕೆ ಮೊದಲ ಕಾರ್ಡು ಬಂತು.

"ಚಿ. ಕ್ಯಾಪ್ಟನ್‌ಗೆ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ. ನೀನು ಕ್ಯಾಪ್ಟನ್ ಆದದ್ದು ತಿಳಿಯಿತು. ಸಂತೋಷಪಡಲು ಇನ್ನೂ ಕಾರಣ ಒದಗಿಲ್ಲ. ಟಾಸು ಗೆದ್ದರೆ ಯಾರ ಮುಖವನ್ನೂ ನೋಡದೆ ಬ್ಯಾಟಿಂಗ್ ತೆಗೆದುಕೊ. ಫೀಲ್ಡಿನಲ್ಲಿ ಕೂಗಬೇಡ, ನೀನು ಹಂದಿ ಓಡಿಸುತ್ತಿಲ್ಲ. ಹೊಡೆಯುವಾಗ ನಿನ್ನ ಎಡ ಮೊಣಕೈ ಕೆಳಗೆ ಬೀಳುತ್ತದೆಂದು ಕೇಳಿದ್ದೇನೆ. ಪ್ರತಿ ಮ್ಯಾಚಿನ ಪೂರ್ತಿ ಸ್ಕೋರು ನಕಲು ಮಾಡಿ ಮರುಟಪಾಲಿಗೆ ಕಳಿಸತಕ್ಕದ್ದು."

ಮೊಣಕೈ ವಿಷಯ ಅವರಿಗೆ ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಅವರು ಬರೆದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ರೇಗಿಸಿದ್ದು ಅವರು ಕಾರ್ಡಿನಲ್ಲೇ ಬರೆಯುತ್ತಿದ್ದದ್ದು. ಒಂದು ದಿನವಾದರೂ ಕವರಿನಲ್ಲಿ ಬರೆದದ್ದಿಲ್ಲ. ಗೋಣಿಬೀಡಿನಲ್ಲಿ ಅಂಚೆ ನೋಡಿಕೊಳ್ಳುತ್ತಿದ್ದ ಅಂಗಡಿಯವರು ಮೊದಲು ಓದುತ್ತಿದ್ದರು. ಟಪಾಲು ಹೊರಟುಹೋಗಿದ್ದರೆ ರೈಟರು ಕಾರ್ಡನ್ನು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟುಬಿಡುತ್ತಿದ್ದರು. ಆತ ಮೂಡಿಗೆರೆಯಲ್ಲಿ ಕಾಫಿ ಕುಡಿಯುತ್ತ ನಾಲ್ಕು ಜನಕ್ಕೆ ಓದಿ ಹೇಳಿ, ಚಿಕ್ಕಮಗಳೂರಿನಲ್ಲಿ ನನ್ನ ಕೈಗಿಡುವಾಗ, "ಮೊಣಕೈ ಎತ್ತಿ ಹೊಡೀಬೇಕಂತೆ ಕ್ಯಾಪ್ಟನ್ರೇ. ನಂಗೂ ಹಂಗೇ ಅನಿಸ್ತದೆ" ಎನ್ನುತ್ತಿದ್ದ. ಆತ ಜನ್ಮದಲ್ಲಿ ಒಂದು ಮ್ಯಾಚನ್ನೂ ನೋಡಿದವನಲ್ಲ. ಅಂಚೆಯಲ್ಲಿ ಬಂದರೆ ಹಾಸ್ಟೆಲಿನ ಅಡಿಗೆ ಭಟ್ಟರು ಊಟಕ್ಕೆ ಬಡಿಸುವ ಮುಂಚೆ ಗಟ್ಟಿಯಾಗಿ ಓದುತ್ತಿದ್ದರು. "ನೀನು ಹಂದಿ ಓಡಿಸುತ್ತಿಲ್ಲ" ಎನ್ನುವ ಸಾಲನ್ನು ಇಡೀ ಹಾಸ್ಟೆಲು ಒಂದು ತಿಂಗಳು ನನ್ನ ಕಿವಿಯಲ್ಲಿ ಊದಿತು.

ಗುರುವನ ವಿಷಯ ಇಲ್ಲೇ ಹೇಳಿಬಿಡಬೇಕು. ಗುರುವ ರೈಟರ ಎಸ್ಟೇಟಿನ ಆಳುಗಳ ಲೈನಿನಲ್ಲಿ, ಅಂದರೆ ಸಾಲುಮನೆಯಲ್ಲಿ, ಹುಟ್ಟಿದ ಹುಡುಗ. ಜಾತಿ ಯಾವುದೆಂದು ಬರೆಯುವುದಿಲ್ಲ. ಆ ಕಾಲದಲ್ಲಿ ನಮ್ಮಂಥವರ ಯಾರ ಮನೆಯ ಹೊಸಿಲಿನೊಳಗೂ ಬಿಡದ ಜಾತಿ ಎಂದರೆ ಸಾಕು. ದೊರೆಗಳು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಅವರಿಗೆ ಬಾಲು ಹಾಕಲು ಲೈನಿನ ಹುಡುಗರನ್ನು ಕರೆಸುತ್ತಿದ್ದರು. ಗುರುವ ಹಾಗೆ ಬೌಲಿಂಗ್ ಕಲಿತವನು. ಅವನು ಹಾಕಿದ ಬಾಲು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆಗೆ ತಿರುಗುತ್ತದೆಂದು ದೊರೆಗಳಿಗೂ ಗೊತ್ತಾಗುತ್ತಿರಲಿಲ್ಲ. ರೈಟರು ಅವನನ್ನು ಕರೆತಂದು, ನಮ್ಮ ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿ ಹೈಸ್ಕೂಲಿಗೆ ಸೇರಿಸಿದ್ದರು. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದ ತನ್ನ ಚಿಕ್ಕಪ್ಪನ ಜೊತೆ ಅವನು ಊರಿನ ಹೊರಗೆ ಇದ್ದ.

ನಾನು ಕ್ಯಾಪ್ಟನ್ ಆದ ದಿನ ಹೆಡ್‌ಮಾಸ್ಟರು ನನ್ನನ್ನು ಒಳಗೆ ಕರೆದರು.

"ನೋಡಪ್ಪಾ, ಆ ಗುರುವ ಕೆಳಗಿನ ಕ್ಲಾಸಿನ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿದ್ದಾನೆ. ಅವನನ್ನ ಕ್ಲಾಸಲ್ಲಿ ಕೂರಿಸಿದ್ದಕ್ಕೆ ನಾಲ್ಕು ಜನ ತಂದೆಯಂದಿರು ಬಂದು ಗೊಣಗಿ ಹೋದರು. ಟೀಮಿಗೆ ಬೌಲರು ಬೇಕು ಅಂತ ಹೇಳಿ ಕಳಿಸಿದೀನಿ. ಅವನು ಟೀಮಲ್ಲಿ ಇರೋವರೆಗೆ ಯಾರು ಕೇಳಿದರೂ ನಾನು ಉತ್ತರ ಹೇಳ್ತೀನಿ. ಟೀಮು ಬಿಟ್ಟ ಅಂದ್ರೆ ಅವನನ್ನ ಸ್ಕೂಲಲ್ಲಿ ಉಳಿಸೋದು ನನ್ನ ಕೈಲಾಗೋದಿಲ್ಲ. ಅದು ನಿನ್ನ ಮೇಲಿದೆ."

ಆಗಲಿ ಸಾರ್ ಎಂದು ಹೇಳಿ ಹೊರಗೆ ಬಂದೆ. ಅದರಲ್ಲೇನು ಕಷ್ಟ ಎಂದುಕೊಂಡೆ. ಗುರುವನನ್ನು ಟೀಮಿನಿಂದ ಬಿಡುವ ಹುಚ್ಚ ಯಾರು? ಅವನಿದ್ದರೆ ನಾವು ಗೆಲ್ಲುತ್ತಿದ್ದೆವು. ಮೇಲಾಗಿ ಅವನಿದ್ದರೆ ನಗುವಿಗೆ ಬರವಿರಲಿಲ್ಲ. ವಿಕೆಟ್ಟು ಬಿದ್ದಾಗಲೆಲ್ಲ ದೊರೆಯ ಹಾಗೆ ಎದೆ ಸೆಟೆಸಿ, "ವೆಲ್ ಬೋಲ್ಡ್, ಬಾಯ್" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನನ್ನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ.

ಎರಡನೆಯ ಕಾರ್ಡಿನಿಂದ ಊಟದ ಕಾಟ ಶುರುವಾಯಿತು.

"ಊಟದ ವಿಷಯ. ಮ್ಯಾಚು ಯಾವ ಊರಿನಲ್ಲೇ ಆಗಲಿ, ಊಟ ಮೈದಾನದ ಅಂಚಿನ ಮರದಡಿಯಲ್ಲಿ. ಟೀಮಿನವರು ಯಾರ ಮನೆಯ ಹೊಸಿಲನ್ನೂ ದಾಟತಕ್ಕದ್ದಲ್ಲ. ಪ್ರತಿಯೊಬ್ಬನೂ ತನ್ನ ಬುತ್ತಿ, ತನ್ನ ಲೋಟ ತರುವುದು. ಬ್ಯಾಟಿಂಗ್ ಕ್ರಮದಲ್ಲಿ ದುಂಡಗೆ ಕೂರುವುದು. ನೀರಿನ ಕೊಡವನ್ನು ಕ್ಯಾಪ್ಟನ್ ವಿನಾ ಯಾರೂ ಮುಟ್ಟಕೂಡದು. ಅವನೇ ಎಲ್ಲರ ಲೋಟಕ್ಕೂ ಮೇಲಿನಿಂದ ಬಗ್ಗಿಸುವುದು. ಕಾರಣ: ಮನೆಯೊಳಗೆ ಕೂತು ಉಂಡವನಿಗೆ ನಿದ್ದೆ ಬರುತ್ತದೆ. ನಿದ್ದೆ ಬಂದವನ ಕೈಯಲ್ಲಿ ಕ್ಯಾಚು ನಿಲ್ಲುವುದಿಲ್ಲ."

ಅಲ್ಲಿಂದ ಮುಂದೆ ಪ್ರತಿ ಕಾರ್ಡಿನ ಕೊನೆಗೂ ಇದೇ ರಾಗ. ಟಾಸಿನ ಬಗ್ಗೆ ಅವರು ಅಭಿಪ್ರಾಯ ಬದಲಾಯಿಸಿದ್ದುಂಟು, ಫೀಲ್ಡಿನ ಬಗ್ಗೆ ಬದಲಾಯಿಸಿದ್ದುಂಟು. ಊಟದ ಬಗ್ಗೆ ಮಾತ್ರ ಒಂದಕ್ಷರ ಆಚೀಚೆ ಆಗಲಿಲ್ಲ. ಕ್ರಿಕೆಟ್ಟಿಗೂ ಕೊಡದ ನೀರಿಗೂ ಏನು ಸಂಬಂಧ ಹೇಳಿ. ನಮ್ಮ ಕಡೆ ಬೇರೆ ಊರಿಗೆ ಮ್ಯಾಚಿಗೆ ಹೋದರೆ, ಆ ಊರಿನ ದೊಡ್ಡ ಮನೆಯವರು ಕರೆದು ಊಟ ಹಾಕುವುದು ರೂಢಿ. ಬಿಸಿ ಕಡುಬು, ಕೋಳಿ ಸಾರಿನ ವಾಸನೆ ಮೈದಾನದವರೆಗೆ ಬರುತ್ತಿರುತ್ತದೆ; ನಾವು ಹನ್ನೊಂದು ಜನ ಹಲಸಿನ ಮರದ ಕೆಳಗೆ ಒಣಗಿದ ಅಕ್ಕಿ ರೊಟ್ಟಿ ಹರಿಯುತ್ತ ಕೂತಿರುತ್ತೇವೆ. ನಾನು ನೀರು ಬಗ್ಗಿಸಿ ಬಗ್ಗಿಸಿ ತೋಳು ನೋಯಿಸಿಕೊಳ್ಳುತ್ತೇನೆ. "ಕ್ಯಾಪ್ಟನ್ ಅಲ್ಲ ಮಾರಾಯ, ನೀನು ಅರವಟ್ಟಿಗೆಯವನು" ಎಂದು ನಮ್ಮ ವಿಕೆಟ್ ಕೀಪರ್ ಶೀನ ಹೇಳುತ್ತಿದ್ದ.

ಆದರೂ ಪಾಲಿಸಿದೆ. ಪಾಲಿಸದಿದ್ದರೆ ಅವರು ಅಪ್ಪಯ್ಯನಿಗೆ ಹೇಳುತ್ತಿದ್ದರು. ನಾನು ಮೊದಲನೆಯವನಾಗಿ ಬ್ಯಾಟಿಂಗಿಗೆ ಹೋಗುತ್ತಿದ್ದೆ, ಗುರುವ ಹನ್ನೊಂದನೆಯವನು. ದುಂಡಗೆ ಕೂತರೆ ಹನ್ನೊಂದನೆಯವನು ಬಂದು ಮೊದಲನೆಯವನ ಪಕ್ಕಕ್ಕೇ ಕೂರುತ್ತಾನೆ. ಹೀಗಾಗಿ ಪ್ರತಿ ಮ್ಯಾಚಿನಲ್ಲೂ ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅವನ ಒಣಮೀನಿನ ಚಟ್ನಿಗೆ ಶೀನ ಮರುಳಾಗಿದ್ದ. ಮರದ ಕೆಳಗೆ ಯಾರ ಚಟ್ನಿ ಯಾರ ರೊಟ್ಟಿಗೆ ಹೋಯಿತೆಂದು ಯಾರೂ ನೋಡುತ್ತಿರಲಿಲ್ಲ.

ರೈಟರ ಜಾಣತನಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಮಕ್ಕಳು ಸೇರಿ ಒಂದು ಟೀಮು ಕಟ್ಟಿದ್ದರು. ಅವರು ಚಿಕ್ಕಮಗಳೂರಿಗೆ ಆಡಲು ಬರುವ ವಾರದ ಕಾರ್ಡಿನಲ್ಲಿ ರೈಟರು ಹೀಗೆ ಬರೆದರು: "ಶೀನನ ಎಡಗೈ ಕಿರುಬೆರಳಿಗೆ ಪೆಟ್ಟಾಗಿದೆಯಂತೆ. ಈ ವಿಷಯ ಎದುರು ಪಾರ್ಟಿಗೆ ತಿಳಿಯದಂತೆ ಗುಟ್ಟಾಗಿಡುವುದು." ಈ ಗುಟ್ಟು ತೆರೆದ ಕಾರ್ಡಿನಲ್ಲಿ, ಮೂಡಿಗೆರೆಯ ಮೇಲಿಂದಲೇ ಬಂತು. ಮ್ಯಾಚಿನ ದಿನ ಅವರ ಕ್ಯಾಪ್ಟನ್ ಬಸ್ಸಿನಿಂದ ಇಳಿದವನೇ ನೆಟ್ಟಗೆ ಶೀನನ ಹತ್ತಿರ ಹೋಗಿ, "ಬೆರಳು ಹೇಗಿದೆ?" ಎಂದು ಕೇಳಿದ. ಶೀನ ನನ್ನ ಕಡೆ ನೋಡಿದ ನೋಟಕ್ಕೆ ನಾನು ಅಲ್ಲೇ ಸುಟ್ಟುಹೋಗಬೇಕಿತ್ತು. ಗುರುವ ಏಳು ವಿಕೆಟ್ಟು ತೆಗೆದದ್ದರಿಂದ ಆ ದಿನ ಗೆದ್ದು ಬಚಾವಾದೆವು.

ಸ್ಕೋರು ಕಳಿಸಿದರೂ ಸುಖವಿರಲಿಲ್ಲ. ಅವರು ಅದನ್ನು ಕೂಡಿ ಕಳೆದು ನೋಡುತ್ತಿದ್ದರು. "ಎರಡು ಬೈ ರನ್ನು ಎಲ್ಲಿಗೆ ಹೋದವು?" ಎಂದು ಒಂದು ಕಾರ್ಡು. "ಗುರುವನಿಗೆ ಸತತ ಹತ್ತು ಓವರು ಕೊಟ್ಟಿದ್ದೀಯ. ಅವನೇನು ಎತ್ತೇ?" ಎಂದು ಇನ್ನೊಂದು. ಗೆದ್ದದ್ದಕ್ಕೆ ಶಹಬ್ಬಾಸ್ ಎಂದು ಒಂದು ಕಾರ್ಡಿನಲ್ಲೂ ಇಲ್ಲ. ಈಗಲೂ ಕಟ್ಟು ಬಿಚ್ಚಿ ಪೂರ್ತಿ ಹುಡುಕಿದೆ, ಇಲ್ಲ.

ಮರು ಮ್ಯಾಚು ಮೂಡಿಗೆರೆಯಲ್ಲಿ. ಆ ಕಡೆಯ ದೊಡ್ಡ ಬೆಳೆಗಾರರೊಬ್ಬರ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ ಮೈದಾನ ಮಾಡಿದ್ದರು. ಅವರು ನಮ್ಮ ಅಪ್ಪಯ್ಯನಿಗೆ ಗುರುತು. ನಮ್ಮ ಸ್ಕೂಲಿನ ಪಿಚ್ಚಿಗೆ ಹಾಸುವ ನಾರಿನ ಮ್ಯಾಟು ಹರಿದು ಚಿಂದಿಯಾಗಿತ್ತು. ಹೊಸದೊಂದನ್ನು ಕೊಡಿಸುತ್ತೇನೆಂದು ಅವರು ಹೆಡ್‌ಮಾಸ್ಟರಿಗೆ ಮಾತು ಕೊಟ್ಟಿದ್ದರು. ಆ ವಾರದ ಕಾರ್ಡಿನಲ್ಲಿ ಎಂದಿನ ಊಟದ ರಾಗದ ಕೆಳಗೆ ರೈಟರು ಗೆರೆ ಎಳೆದಿದ್ದರು. "ಮೂಡಿಗೆರೆಯಲ್ಲಿ ವಿಶೇಷವಾಗಿ" ಎಂದೂ ಸೇರಿಸಿದ್ದರು. ನಾನು ಅದನ್ನು ಓದಿ ಹಲ್ಲು ಕಡಿದು ಪುಸ್ತಕದೊಳಗೆ ಸೇರಿಸಿದೆ.

ಊಟದ ಹೊತ್ತಿಗೆ ಮೂಡಿಗೆರೆಯವರ ಆರು ವಿಕೆಟ್ಟು ಬಿದ್ದಿದ್ದವು. ಅದರಲ್ಲಿ ಐದು ಗುರುವನವು. ಬೆಳೆಗಾರರು ತಾವೇ ಮೈದಾನಕ್ಕೆ ಬಂದರು.

"ಹನ್ನೊಂದು ಎಲೆ ಹಾಕ್ಸಿದೀನಿ. ಬನ್ನಿ ಮಕ್ಕಳೇ" ಎಂದರು.

"ನಾವು ಬುತ್ತಿ ತಂದಿದೀವಿ" ಎಂದೆ.

"ಎಂಥ ಬುತ್ತಿ ಮಾರಾಯ? ನಿಮ್ಮಪ್ಪ ಕೇಳಿದ್ರೆ ನಂಗೆ ಎಂತ ಅಂದಾರು? ನಮ್ಮನೆ ಅಂಗಳಕ್ಕೆ ಬಂದು ಒಣ ರೊಟ್ಟಿ ತಿಂದು ಹೋದ್ರು ಅಂತ ಹೇಳಿಸ್ಕೊಳ್ಲಾ ನಾನು?"

ಹುಡುಗರು ನನ್ನ ಮುಖ ನೋಡಿದರು. ಶೀನ ಕಣ್ಣಿನಲ್ಲೇ ಬೇಡಿಕೊಂಡ. ಇವತ್ತೊಂದು ದಿನ ಎಂದುಕೊಂಡೆ. ಎಲ್ಲೋ ಕೂತು ಕಾರ್ಡು ಗೀಚುವವರ ಮಾತಿಗೆ ಇಷ್ಟು ದೊಡ್ಡವರ ಮುಖ ಮುರಿಯಲೇ? ಮ್ಯಾಟಿನ ವಿಷಯವೂ ತಲೆಯಲ್ಲಿತ್ತು. "ಆಗಲಿ ಗೌಡ್ರೇ" ಎಂದೆ. ಗುರುವನ ನೆನಪು ನನಗೆ ಬರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ನಿಜ ಇದು. ಅಷ್ಟು ದಿನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರಿಂದ ಅವನೂ ನಮ್ಮ ಹಾಗೆ ಒಳಗೆ ಬರುತ್ತಾನೆಂದೇ ನಾನು ಅಂದುಕೊಂಡಿದ್ದೆ.

ಎಲ್ಲರೂ ಕಾಲು ತೊಳೆದು ಜಗಲಿ ಹತ್ತಿದೆವು. ನಾನು ಮುಂದಿದ್ದೆ, ಮೊದಲನೆಯ ಎಲೆಗೆ ಕೂತೆ. ಗುರುವ ಯಾವಾಗಲೂ ಕೊನೆಯವನು. ಅವನು ಮೆಟ್ಟಿಲಿಗೆ ಬಂದಾಗ ಬೆಳೆಗಾರರು ಅವನ ಹತ್ತಿರ ಬಗ್ಗಿ, ಪ್ರೀತಿಯಿಂದಲೇ, "ನಿಂಗೆ ಅಲ್ಲಿ ಕೊಟ್ಟಿಗೆ ಹತ್ರ ಎಲೆ ಹಾಕ್ಸಿದೀನಿ ಮಗಾ. ಹೋಗು, ಬಿಸಿ ಬಿಸಿ ಬಡಿಸ್ತಾರೆ" ಎಂದರು. ಹನ್ನೊಂದು ಎಲೆ ಎಂದಿದ್ದರಲ್ಲ, ಅದು ಹನ್ನೊಂದನೆಯದು.

ಗುರುವ ತೆರೆದ ಬಾಗಿಲಿನಿಂದ ಒಳಗೆ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಏಳಬೇಕು ಅನಿಸಿತು. ಕಡುಬು ಬಡಿಸಿಯಾಗಿತ್ತು. ಬಡಿಸಿದ ಎಲೆ ಬಿಟ್ಟು ಎದ್ದರೆ ಮನೆಯವರಿಗೆ ಅವಮಾನ ಎಂದು ಹುಟ್ಟಿದಾಗಿನಿಂದ ಕಲಿಸಿದ್ದರು. ಎದ್ದರೆ ಎಲ್ಲರೂ ಏಳಬೇಕಾಗುತ್ತದೆ, ಮಾತು ಬೆಳೆಯುತ್ತದೆ, ಅಪ್ಪಯ್ಯನವರೆಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಮುಗಿಯುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ನಾನು ತಲೆ ತಗ್ಗಿಸಿ ಉಂಡೆ. ಎರಡನೆಯ ಸಲ ಸಾರು ಹಾಕಿದಾಗ ಬೇಡ ಎನ್ನಲಿಲ್ಲ.

ಹೊರಗೆ ಬಂದಾಗ ಕೊಟ್ಟಿಗೆಯ ಹತ್ತಿರದ ಎಲೆ ಹಾಕಿದ ಹಾಗೇ ಇತ್ತು. ಮೈದಾನದಲ್ಲಿ, ಅವನು ಬೌಲಿಂಗ್ ಮಾಡುತ್ತಿದ್ದ ತುದಿಯಲ್ಲಿ, ಮ್ಯಾಟಿನ ಮೇಲೆ ಬಾಲು ಇಟ್ಟಿತ್ತು. ಗುರುವ ಗೋಣಿಬೀಡಿನ ರಸ್ತೆ ಹಿಡಿದು ಹೋದನೆಂದು ಗಾಡಿಯವನೊಬ್ಬ ಹೇಳಿದ. ಹತ್ತು ಜನ ಆಡಿ ಸೋತೆವು. ಕೊನೆಯ ನಾಲ್ಕು ವಿಕೆಟ್ಟು ತೆಗೆಯಲು ನಮಗೆ ಮೂರು ಗಂಟೆಯ ಮೇಲೆ ಹಿಡಿಯಿತು. ಮುಂದಿನ ತಿಂಗಳು ಮ್ಯಾಟು ಬಂತು. ಒಳ್ಳೆಯ ಮ್ಯಾಟು.

ಸೋಮವಾರ ಗುರುವ ಸ್ಕೂಲಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಹೆಡ್‌ಮಾಸ್ಟರು ನನ್ನನ್ನು ಕರೆಸಿ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಕರ್ಕೊಂಡು ಬರೋಕಾಗ್ತದಾ ನೋಡು. ಈ ವಾರ ಹೇಗೋ ತಡೀತೀನಿ, ಆಮೇಲೆ ಹೆಸರು ಹೊಡೆದುಹಾಕಬೇಕಾಗ್ತದೆ" ಎಂದರು.

ಗುರುವಾರ ಕಾರ್ಡು ಬಂತು. ಅದರಲ್ಲಿ ಆಶೀರ್ವಾದವಿರಲಿಲ್ಲ, ಕುಶಲೋಪರಿಯಿರಲಿಲ್ಲ. ಒಂದೇ ಸಾಲು: "ಊಟ ಎಲ್ಲಿ ಮಾಡಿದಿರಿ?"

ಅಡಿಗೆ ಭಟ್ಟರು ಅದನ್ನೂ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ನನಗೆ ಆಗ ಅರ್ಥವಾಯಿತು. ಮರದಡಿ, ಸ್ವಂತ ಲೋಟ, ದುಂಡಗೆ ಕೂರುವುದು, ಎಲ್ಲರಿಗೂ ಮೇಲಿನಿಂದ ನೀರು ಬಗ್ಗಿಸುವುದು, ಇವೆಲ್ಲ ಗುರುವನೊಬ್ಬನನ್ನು ಬೇರೆ ಕೂರಿಸದೆ ಇರಲು ಆ ಮನುಷ್ಯ ಹೂಡಿದ ಉಪಾಯ. ಅವನ ಲೋಟಕ್ಕೆ ಮೇಲಿನಿಂದ ಬಗ್ಗಿಸಲೇಬೇಕಿದ್ದರೆ ಎಲ್ಲರ ಲೋಟಕ್ಕೂ ಹಾಗೇ ಬಗ್ಗಿಸಲಿ ಎಂದು. ಅಷ್ಟು ತಿಂಗಳು ಪಾಲಿಸಿದ ನನಗೆ ಅದು ಹೊಳೆದಿರಲಿಲ್ಲ. ಹೊಳೆದ ಕೂಡಲೇ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಒಂದು ಮಾತು, ಒಂದೇ ಒಂದು ಮಾತು ಬಿಡಿಸಿ ಹೇಳಲು ಇವರಿಗೇನು ಬಂದಿತ್ತು ಧಾಡಿ?

ಶನಿವಾರ ಬಸ್ಸು ಹತ್ತಿ ಊರಿಗೆ ಹೋದೆ. ಭಾನುವಾರ ಬೆಳಗ್ಗೆ ಬೇಲಿ ದಾಟಿ ಎಸ್ಟೇಟಿಗೆ ನಡೆದೆ. ಕಾಫಿ ಕೊಯ್ಲಿನ ಕೊನೆಯ ದಿನಗಳಾದ್ದರಿಂದ ಭಾನುವಾರವೂ ಕೆಲಸವಿತ್ತು. ಗೋದಾಮಿನ ಮುಂದೆ ಆಳುಗಳು ಸಾಲಾಗಿ ನಿಂತಿದ್ದರು. ರೈಟರು ಬೆನ್ನ ಮೇಲೆ ಛತ್ರಿ ನೇತುಹಾಕಿಕೊಂಡು ಹಾಜರಿ ಕರೆಯುತ್ತಿದ್ದರು. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ. ಐದಾರು ಹೆಸರಾದ ಮೇಲೆ, "ಗುರುವ" ಎಂದರು.

"ಇದೀನಿ ಅಯ್ಯಾ."

"ಕಣಕ್ಕೆ" ಎಂದು ಪುಸ್ತಕದಲ್ಲಿ ಗುರುತು ಹಾಕಿದರು. ಕಾಫಿ ಒಣಹಾಕುವ ಕಣದ ಕೆಲಸ. ಗುರುವ ತಲೆಗೆ ಟವೆಲು ಸುತ್ತಿಕೊಂಡು ಹೋದ.

ಹಾಜರಿ ಮುಗಿಯುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಅವರ ಎದುರಿಗೆ ಹೋಗಿ ನಿಂತು ಕೇಳಿದೆ. "ಗುರುವನಿಗೋಸ್ಕರ ಅಂತ ಒಂದು ಮಾತು ಬರೆದಿದ್ರೆ ಏನಾಗ್ತಿತ್ತು ನಿಮಗೆ? ಕ್ಯಾಚು, ನಿದ್ದೆ ಅಂತ ಎಂತಕ್ಕೆ ಸುಳ್ಳು ಬರೀಬೇಕಿತ್ತು?"

ಅವರು ನನ್ನ ಪಾದ ನೋಡುತ್ತ ನಿಂತರು. "ಕಾರ್ಡಲ್ಲಿ ಬರೆದ್ರೆ ದಾರಿ ಉದ್ದಕ್ಕೂ ಓದ್ತಾರೆ ಮಾರಾಯ. ಅವನ ಕಿವಿಗೂ ಬೀಳ್ತದೆ."

"ಶೀನನ ಬೆರಳಿನ ಗುಟ್ಟು ಬರೀವಾಗ ಅದು ನೆನಪಿರಲಿಲ್ವಾ?"

"ಶೀನನ ಬೆರಳು ಹದಿನೈದು ದಿನಕ್ಕೆ ವಾಸಿ ಆಗ್ತದೆ."

"ಕವರಲ್ಲಿ ಹಾಕಿ ಬರೀಬಹುದಿತ್ತಲ್ಲ."

"ಬರೀಬಹುದಿತ್ತು. ನೀನೊಬ್ನೇ ಓದ್ತಿದ್ದೆ. ಆಮೇಲೆ ಅವನ ಮೇಲೆ ಕನಿಕರ ತೋರಿಸ್ತಾ ಓಡಾಡ್ತಿದ್ದೆ. ನಿಂಗೆ ಅವನು ಬೌಲರಾಗೇ ಇರ್ಲಿ ಅಂತ ನಂಗಿತ್ತು."

ನನಗೆ ಮೈಯೆಲ್ಲ ಉರಿಯಿತು. "ಇಷ್ಟೆಲ್ಲ ಹೇಳ್ತೀರಲ್ಲ, ನೀವು ನಿಮ್ಮ ಮನೆಯೊಳಗೆ ಕೂರ್ಸಿ ಅವನಿಗೆ ಒಂದು ದಿನ ಊಟ ಹಾಕಿದೀರಾ?" ಎಂದೆ. ದೊಡ್ಡವರ ಜೊತೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

"ಇಲ್ಲ" ಎಂದರು. ಪುಸ್ತಕ ಮಡಚಿ ಕಂಕುಳಿಗೆ ಸೇರಿಸಿಕೊಂಡರು. "ನಮ್ಮನೇಲಿ ನನ್ನ ಕೈಲಿ ಆಗ್ಲಿಲ್ಲ. ಅದಕ್ಕೇ ಮರದಡಿ ಅಂತ ಬರೆದದ್ದು."

ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ? ತಪ್ಪನ್ನು ಮೊದಲೇ ಒಪ್ಪಿಕೊಂಡು ನಿಂತುಬಿಡುತ್ತಾರೆ. ಬಾಯಿಬಿಟ್ಟು ಹೇಳಿದ್ದರೆ ಗುರುವ ಉಳಿಯುತ್ತಿದ್ದ ಎಂದು ನಾನು ಅಂದೂ ವಾದಿಸಿದೆ, ಇಂದೂ ವಾದಿಸುತ್ತೇನೆ. ಹೇಳಿದ್ದರೆ ನಾನು ಮೂಡಿಗೆರೆಯಲ್ಲಿ ಜಗಲಿ ಹತ್ತುತ್ತಿರಲಿಲ್ಲ. ಕನಿಕರ ತೋರಿಸುತ್ತಿದ್ದೆನೋ ಏನೋ, ಆದರೆ ಹತ್ತುತ್ತಿರಲಿಲ್ಲ. ಹದಿನಾರರ ಹುಡುಗನ ಮೇಲೆ ಅಷ್ಟು ಭಾರ ಹೊರಿಸಿ, ಅದು ಭಾರವೆಂದು ಹೇಳದೆ ಇರುವುದು ಯಾವ ನ್ಯಾಯ?

ಕಣಕ್ಕೆ ಹೋದೆ. ಗುರುವ ಮರದ ಹಲುಬೆಯಿಂದ ಕಾಫಿ ಬೀಜ ತಿರುವಿ ಹಾಕುತ್ತಿದ್ದ. ನನ್ನನ್ನು ಕಂಡು ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. ಕ್ಯಾಪ್ಟನ್ ಎನ್ನಲಿಲ್ಲ.

"ಯಾವಾಗ ಬಂದ್ರಿ ಸಣ್ಣಯ್ಯ?" ಎಂದ.

"ಹೆಡ್‌ಮಾಸ್ಟರು ಕರ್ಕೊಂಡು ಬಾ ಅಂದಿದಾರೆ. ಬಾ ಗುರುವ. ತಪ್ಪಾಯ್ತು ನಂದು. ಇನ್ನು ಮರದಡೀನೇ ಊಟ, ಎಲ್ಲೇ ಹೋದ್ರೂ. ಅದು ಎಂತಕ್ಕೆ ಅಂತ ನಂಗೆ ಮೊನ್ನೆವರೆಗೆ ಗೊತ್ತಿರಲಿಲ್ಲ, ದೇವರಾಣೆಗೂ."

ಅವನು ಹಲುಬೆ ನಿಲ್ಲಿಸಿದ.

"ನಂಗೆ ಮೊದಲನೇ ದಿನಾನೇ ಗೊತ್ತಾಗಿತ್ತು" ಎಂದ. "ನಿಮಗೂ ಗೊತ್ತಿದ್ದೇ ಹಂಗೆ ಮಾಡ್ತಾ ಇದೀರಿ ಅಂದ್ಕೊಂಡಿದ್ದೆ."

ಅವನು ಮತ್ತೆ ಕಾಫಿ ತಿರುವತೊಡಗಿದ. ನಾನು ನಿಂತಿದ್ದ ಕಡೆಗೆ ಬಂದಾಗ, ಸ್ವಲ್ಪ ಆಚೆ ಸರಿಯಿರಿ ಎಂದು ಮೆಲ್ಲಗೆ ಹೇಳಿದ. ಸರಿದೆ. ಅವನು ಸ್ಕೂಲಿಗೆ ಮತ್ತೆ ಬರಲಿಲ್ಲ.

ಆ ಸೀಸನ್ನಿನಲ್ಲಿ ಇನ್ನೂ ಮೂರು ಮ್ಯಾಚು ಇದ್ದವು. ರೈಟರಿಂದ ಮೂರು ಕಾರ್ಡೂ ಬಂದವು, ತಪ್ಪದೆ, ಎಂದಿನ ಆಶೀರ್ವಾದದೊಂದಿಗೆ. ಹೊಸ ಬೌಲರನನ್ನು ಯಾವ ತುದಿಯಿಂದ ಹಾಕಿಸಬೇಕು, ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವಾಗ ಯಾರನ್ನು ಎಲ್ಲಿ ನಿಲ್ಲಿಸಬೇಕು, ನನ್ನ ಮೊಣಕೈ, ಎಲ್ಲವೂ ಇತ್ತು. ಮೂರನ್ನೂ ಈಗ ಮತ್ತೊಮ್ಮೆ, ಹಿಂದೆ ಮುಂದೆ ತಿರುಗಿಸಿ, ಅಂಚಿನವರೆಗೆ ಓದಿದೆ. ಊಟ ಎಲ್ಲಿ ಮಾಡಬೇಕೆಂದು ಒಂದರಲ್ಲೂ ಬರೆದಿಲ್ಲ.